ಎಣ್ಣೆ ಹಚ್ಚಿದ ಟೈರು

ನಮ್ಮೂರಿನಲ್ಲಿ ಟೈರು ಕೊಳ್ಳಲು ಹೋಗುವ ಮುಂಚೆ ತಲೆಗೆ ಸ್ನಾನ ಮಾಡಬೇಕು. ನಾನೂ ಮಾಡಿದೆ, ನನ್ನ ಅತ್ತೆ ತುಂಗಮ್ಮನವರೂ ಮಾಡಿದರು. ನನ್ನ ಗಂಡ ಜಯಶೀಲ ತೀರಿಕೊಂಡಾಗ ಮನೆಯ ಮುಂದೆ ಹಾಕಿದ್ದ ಶಾಮಿಯಾನವನ್ನು ಇನ್ನೂ ಬಿಚ್ಚಿರಲಿಲ್ಲ. ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡೇ ಅತ್ತೆ ಹೋಗಿ ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಗಂಡನನ್ನು ಅವನು ಇವನು ಎನ್ನುತ್ತಿದ್ದೇನೆಂದು ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ಬದುಕಿದ್ದಷ್ಟು ದಿನ ಬಹುವಚನ ಕೊಟ್ಟಿದ್ದೇನೆ, ಅತ್ತೆಯ ಎದುರು ಈಗಲೂ ಕೊಡುತ್ತೇನೆ. ಕಥೆ ಹೇಳುವಾಗಲಾದರೂ ನನ್ನ ಇಷ್ಟ.

ಅದು ಸಣ್ಣಪುಟ್ಟ ಕಾರಲ್ಲ. ಕಪ್ಪು ಬಣ್ಣದ ದೊಡ್ಡ ಎಸ್‌ಯುವಿ. ಚರ್ಮದ ಸೀಟು, ನೆತ್ತಿಯ ಮೇಲೆ ಗಾಜು, ಹತ್ತಲು ಮೆಟ್ಟಿಲು. ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅವನು ಇದ್ದಷ್ಟು ದಿನ ಅದರ ಕೀಲಿ ನನ್ನ ಕೈಗೆ ಬಂದದ್ದಿಲ್ಲ. ಹುಡುಗಿಯಾಗಿದ್ದಾಗಲೇ ಅಪ್ಪನ ಟೆಂಪೋ ಓಡಿಸಿದವಳು ನಾನು ಎಂದರೆ, "ಟೆಂಪೋ ಓಡ್ಸಿದೋರೆಲ್ಲ ಇದನ್ನ ಮುಟ್ಟೋ ಹಂಗಿಲ್ಲ" ಎಂದು ನಗುತ್ತಿದ್ದ. ಈಗ ಕೀಲಿಯನ್ನು ಅತ್ತೆಯೇ ತಂದು ನನ್ನ ಅಂಗೈಯಲ್ಲಿ ಇಟ್ಟರು. ಬೇರೆ ದಾರಿ ಇರಲಿಲ್ಲ. ಗಂಡನ ಗಾಡಿಯನ್ನು ಹೆಂಡತಿಯೇ ಹಿಡಿಯಬೇಕು, ಹೆಂಡತಿಯದನ್ನು ಗಂಡನೇ.

ನಮ್ಮಲ್ಲಿ ಸತ್ತವರ ಗಾಡಿಗೆ ಹೊಸ ಟೈರು ಹಾಕಿಸುತ್ತಾರೆ. ಚಕ್ರ ಉರುಳಿದ ಕೂಡಲೇ ಅವರು ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಚಕ್ರ ನಿಂತರೆ ಇಲ್ಲ, ಉರುಳಿದರೆ ಇದ್ದಾರೆ. ಮಾತಿಲ್ಲ, ಹಿಂದೆ ತಿರುಗುವುದಿಲ್ಲ, ಮುಂದಿನ ರಸ್ತೆಯನ್ನೇ ನೋಡುತ್ತಿರುತ್ತಾರೆ. ಹಿಂದಿನ ಸೀಟಿನವರಿಗೆ ಕತ್ತು, ಕಿವಿ ಬಿಟ್ಟರೆ ಏನೂ ಕಾಣದು. ಕನ್ನಡಿಯಲ್ಲಿ ಬೀಳುವುದಿಲ್ಲ, ದಾರಿಯಲ್ಲಿ ನಿಂತವರಿಗೆ ಖಾಲಿ ಸೀಟು. ಮುಖ ಕಾಣುವುದು ಗಾಡಿ ಹಿಡಿದವರಿಗೆ ಮಾತ್ರ. ಟೈರಿನ ಗೆರೆಗಳ ಸಂದಿಯಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಅದಕ್ಕೆ ನಾವು ಗುರುತು ಎನ್ನುತ್ತೇವೆ. ರಬ್ಬರು ಗುರುತಿನವರೆಗೆ ಸವೆದ ದಿನ ಯಾವುದೋ ತಿರುವಿನಲ್ಲಿ ಗಾಡಿ ನಿಧಾನವಾದಾಗ ಅವರೇ ಬಾಗಿಲು ತೆಗೆದು ಇಳಿಯುತ್ತಾರೆ. ಇಳಿದು, ಒಂದು ಸಲ ತಿರುಗಿ ಎಲ್ಲರನ್ನೂ ನೋಡುತ್ತಾರೆ. ಗಾಡಿ ಹಿಡಿದವರು ಕೈ ಎತ್ತಿ ಬೀಳ್ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಅಲ್ಲಿಯತನಕ ಗಾಡಿ ಹಿಡಿದವರು ಊರು ಬಿಡುವಂತಿಲ್ಲ.

ಗುರುತು ಮುಟ್ಟುವ ಮುಂಚೆಯೇ ಒಂದು ಟೈರು ಒಡೆದರೂ, ಬಿಚ್ಚಿದರೂ ಅವರು ಇಳಿಯುವುದಿಲ್ಲ, ನೋಡುವುದೂ ಇಲ್ಲ. ಸುಮ್ಮನೆ ಇಲ್ಲವಾಗುತ್ತಾರೆ. ಮತ್ತೆ ಯಾವ ಟೈರು ಹಾಕಿದರೂ ಬರುವುದಿಲ್ಲ. ಅಂಥ ಮನೆಯವರ ಮುಂದೆ ನಾವು ಆ ಮಾತೆತ್ತುವುದಿಲ್ಲ, ಬಂದರೆ ಕಾಫಿ ಕೊಡುತ್ತೇವೆ.

ಎಲ್ಲರೂ ತಮ್ಮ ತಮ್ಮ ಅನುಕೂಲ ನೋಡಿಕೊಳ್ಳುತ್ತಾರೆ. ಸೈಕಲ್ಲಿನವರಿಗೆ ಬೇಗ ಮುಗಿಯುತ್ತದೆ. ನಮ್ಮ ಬೀದಿಯ ದರ್ಜಿ ತನ್ನ ತಂದೆಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ಇಳಿಸಿ ಬಂದ. "ನಮ್ಗೆ ಹೊಟ್ಟೆಪಾಡು ನೋಡ್ಬೇಕಲ್ಲಕ್ಕಾ" ಎಂದ. ಡ್ರಾಯಿಂಗ್ ಮೇಷ್ಟರ ತೀರಿಹೋದ ಹೆಂಡತಿ ತಮ್ಮ ಸ್ಕೂಟರಿನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂರುತ್ತಾರಂತೆ. ಮೇಷ್ಟರು ಬೆನ್ನ ಹಿಂದೆ ಇರುವ ಮುಖ ಕಾಣದೆ, ಭುಜದ ಮೇಲಿನ ಕೈ ಮಾತ್ರ ನೋಡಿಕೊಂಡು, ಹಂಪು ಬಂದ ಕಡೆಯೆಲ್ಲ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ದಾಟುತ್ತಾರೆ. ಹಣವಂತರು ಗಟ್ಟಿ ಟೈರು ಹಾಕಿಸುತ್ತಾರೆ. ಪ್ರೀತಿ ಎಷ್ಟು ಎಂದು ಊರು ಅಳೆಯುವುದೇ ಅದರಿಂದ.

ಟೈರಂಗಡಿಯ ದಾವೂದ್ ನಮ್ಮನ್ನು ಕಂಡು ಎದ್ದು ನಿಂತು, ಕೈ ಒರೆಸಿಕೊಂಡು, ಮೂರು ಥರದ ಟೈರು ಉರುಳಿಸಿ ತಂದು ನಿಲ್ಲಿಸಿದ.

"ಇದು ಮೆದು, ಅಮ್ಮಾರೆ. ಬೆಣ್ಣೆ ಹೋದಂಗೆ ಹೋಗ್ತದೆ, ಸದ್ದಿಲ್ಲ, ಸುಖ. ಆದ್ರೆ ಬೇಗ ಸವೀತದೆ. ಇದು ನಡುವಿಂದು. ಇದು ಇದೆ ನೋಡಿ, ಇದು ಗಟ್ಟಿ ಪಿಂಡ. ಕಲ್ಲು ರಸ್ತೆಗೂ ಜಗ್ಗಲ್ಲ. ಎಂಬತ್ತು ಸಾವಿರ ಕಿಲೋಮೀಟ್ರು ಅಂತ ಕಂಪನೀನೇ ಹೇಳ್ತದೆ. ಸ್ವಲ್ಪ ಕುಲುಕ್ತದೆ, ಗುಂಯ್ ಅಂತದೆ, ಅಷ್ಟೆ."

ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡುವ ಹಾಗೆ ಅತ್ತೆ ಮೂರಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ಮೊದಲನೆಯದರಲ್ಲಿ ಉಗುರಿನ ಗೆರೆ ಮೂಡಿತು. ಕೊನೆಯದರಲ್ಲಿ ಅವರ ಉಗುರೇ ಮುರಿಯಿತು.

"ಇದೇ ಇರ್ಲಿ" ಎಂದರು.

"ಅತ್ತೆ, ನಿಮ್ಮ ಸೊಂಟಕ್ಕೆ ಆ ಕುಲುಕಾಟ ಆಗಲ್ಲ" ಎಂದೆ.

"ನನ್ನ ಸೊಂಟ ಬಿದ್ದುಹೋಗ್ಲಿ. ನಿಂಗೆ ಅವ್ನು ಬೇಗ ಇಳ್ದು ಹೋಗ್ಬೇಕು. ಅಷ್ಟೇ ತಾನೆ?"

ದಾವೂದ್ ಕೆಳಗೆ ಬಿದ್ದ ನಟ್ಟೊಂದನ್ನು ಹುಡುಕತೊಡಗಿದ. ಅತ್ತೆ ಹೇಳಿದ್ದು ಸುಳ್ಳಾಗಿದ್ದರೆ ಮಾತಾಡುತ್ತಿದ್ದೆ.

ಜಯಶೀಲ ಕೈ ಮಾಡಿದವನಲ್ಲ, ಕುಡಿದವನಲ್ಲ. ಊರಿನ ಬಾಯಲ್ಲಿ ಒಳ್ಳೆಯವನು. ಕಾರಿನಲ್ಲಿ ಹೋಗುವಾಗ ನಾನೇನಾದರೂ ಎದುರು ಮಾತಾಡಿದರೆ ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿ, ನನ್ನ ಕಡೆಗೆ ನೋಡದೆ, "ಇಳಿ" ಎನ್ನುತ್ತಿದ್ದ. ಅಷ್ಟೇ. ನಾನು ಇಳಿಯುತ್ತಿದ್ದೆ. ಅವನು ಹೋಗುತ್ತಿದ್ದ. ಒಮ್ಮೆ ತಂಗಿಯ ಮದುವೆಗೆ ಹೊರಟು ರೇಷ್ಮೆ ಸೀರೆಯಲ್ಲಿ, ಮಲ್ಲಿಗೆ ಮುಡಿದುಕೊಂಡು, ಕಲ್ಲು ಕ್ವಾರಿಯ ರಸ್ತೆಯಲ್ಲಿ ಮನೆಯತನಕ ನಡೆದು ಬಂದೆ. ಲಾರಿಯವರು ನಿಧಾನ ಮಾಡಿ ನೋಡಿಕೊಂಡು ಹೋದರು. ಆ ಸಿಟ್ಟು ನನ್ನಲ್ಲಿ ಇನ್ನೂ ಹಾಗೇ ಇದೆ. ಅವನು ಆ ಕಾರಿನಿಂದ ಇಳಿಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಆಮೇಲೆ ದೂರದ ಊರಿನಲ್ಲಿ ಮೆಸ್ಸು ನಡೆಸುವ ನನ್ನಕ್ಕನ ಹತ್ತಿರ ಹೋಗಿಬಿಡುವುದೆಂದು ನಿಶ್ಚಯ ಮಾಡಿಕೊಂಡಿದ್ದೆ. ಅಕ್ಕ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಎಷ್ಟು ಸವೀತೇ?"

ಅತ್ತೆಯ ಸಂಕಟ ಬೇರೆ. ಜಯಶೀಲ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ಸತ್ತ. ಮುಖದ ತುಂಬ ಗಡ್ಡ ಬೆಳೆದಿತ್ತು. ಮನೆಗೆ ತಂದಾಗ ಹೊತ್ತು ಮೀರಿತ್ತು, ಅವಸರದಲ್ಲಿ ಹಾಗೇ ಕಳಿಸಿಬಿಟ್ಟೆವು. "ದಿನಾ ಬೆಳಿಗ್ಗೆ ಗಡ್ಡ ಮಾಡ್ಕೊಳ್ದೆ ಹೊಸ್ಲು ದಾಟ್ದೋನಲ್ಲ ನನ್ನ ಮಗ. ಭಿಕ್ಷುಕನ ಹಂಗೆ ಹೋದ್ನಲ್ಲೇ" ಎಂದು ಅತ್ತೆ ಗೋಡೆಗೆ ತಲೆ ಆನಿಸಿ ಅಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡರೂ ಹೋಗಿ ಅವರ ಪಕ್ಕ ಕೂರುತ್ತಿದ್ದೆ.

ಟೈರು ಹಾಕಿ, ನಿಂಬೆಹಣ್ಣು ಇಟ್ಟು, ನಾನು ಗಾಡಿ ಬಿಟ್ಟೆ. ನಿಂಬೆಹಣ್ಣು ಚಿಟ್ ಎಂದದ್ದೇ ತಡ, ಎಡಗಡೆಯ ಸೀಟಿನ ಚರ್ಮ ಕಿರುಗುಟ್ಟಿತು. ಹಿಂದಿನಿಂದ ಅತ್ತೆ "ಜಯಾ" ಎಂದರು. "ಕತ್ತು ನೋಡೇ ವಾರಿಜಾ, ಕತ್ತಿನ ಮೇಲೆ ಆ ಮಚ್ಚೆ ಹಂಗೇ ಇದೆ. ತಿರುಗೋ ಮಗನೆ, ಒಂದ್ಸಲ ತಿರುಗೋ." ಅವನು ತಿರುಗಲಿಲ್ಲ. ನಾನು ತಿರುವು ತೆಗೆದುಕೊಂಡಾಗ ಮ್ಯಾಟಿನ ಮೇಲೆ ಅವನ ಬೂಟು ಸರ್ ಎಂದು ಜಾರಿತು. ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಬೇರೆಯವರ ಗಾಡಿಯಲ್ಲಿ ಕೂತಾಗ ಅವನದು ಯಾವಾಗಲೂ ಅದೇ ಅಭ್ಯಾಸ. ಸತ್ತ ಮೇಲೂ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಬರಲಿಲ್ಲ.

ನಾನು ಎಡಗಡೆಗೆ ನೋಡಲಿಲ್ಲ. ಅಂದು ಮಾತ್ರವಲ್ಲ, ಆಮೇಲೂ ನೋಡಲಿಲ್ಲ. ಕಣ್ಣಂಚಿನಲ್ಲೊಂದು ಕಪ್ಪು ನೆರಳು ಇದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಎಡಕ್ಕೆ ತಿರುಗಬೇಕಾದಲ್ಲಿ ತಲೆ ಆ ಕಡೆ ಹೊರಳೀತು ಎಂದು ಬಲಕ್ಕೇ ತಿರುಗಿ ತಿರುಗಿ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ, ಪಕ್ಕದ ಬೀದಿಗೆ ಊರೆಲ್ಲ ಸುತ್ತಿ ಹೋಗುತ್ತಿದ್ದೆ. ಅತ್ತೆಗೆ ಅದರಿಂದ ಖುಷಿಯೇ. ಮಗನ ಜೊತೆ ಇನ್ನಷ್ಟು ಹೊತ್ತು. ನನಗೂ ನಷ್ಟವಿರಲಿಲ್ಲ, ರಬ್ಬರು ಸವೆಯುತ್ತಿತ್ತಲ್ಲ. ಹೀಗೆ ಒಂದಕ್ಕೊಂದು ವಿರುದ್ಧದ ಆಸೆ ಇಟ್ಟುಕೊಂಡು ನಾವಿಬ್ಬರೂ ದಿನವೂ ಒಂದೇ ಕಾರಿನಲ್ಲಿ ಸುತ್ತಿದೆವು. ಅತ್ತೆ ಹಿಂದೆ ಕೂತು ಅವನಿಗೆ ಪೇಟೆಯ ಸುದ್ದಿ ಹೇಳುತ್ತಿದ್ದರು. ಒಮ್ಮೊಮ್ಮೆ ನನಗೂ ಹೇಳುತ್ತಿದ್ದರು.

ಕಂಪನಿಯ ಕಿಲೋಮೀಟರುಗಳು ನಮ್ಮೂರ ರಸ್ತೆಯನ್ನು ಕಂಡಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆಗಳ ಆಳ ಕಡಿಮೆಯಾದದ್ದು ಬರಿಗಣ್ಣಿಗೇ ಕಾಣತೊಡಗಿತು. ಅತ್ತೆ ಬೆಂಕಿಕಡ್ಡಿಯನ್ನು ಗೆರೆಯ ಸಂದಿಗಿಳಿಸಿ, ಉಗುರಿನಲ್ಲಿ ಗೀರು ಹಾಕಿ ಅಳೆಯಲು ಶುರುಮಾಡಿದರು. ಒಂದು ಬೆಳಿಗ್ಗೆ ಕಡ್ಡಿ ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತರು.

"ಗುರುತು ಮುಟ್ಟಕ್ಕೆ ಗೋಧಿ ಕಾಳಿನಷ್ಟಿದೆ ಕಣೇ. ಅಷ್ಟೇ ಉಳಿದಿರೋದು."

ಅವತ್ತಿನಿಂದ ಬಿಗಿ ಶುರುವಾಯಿತು. ಮೊದಲು ಡಾಂಬರು ರಸ್ತೆಯಲ್ಲಿ ಮಾತ್ರ. ಆಮೇಲೆ ಶುಕ್ರವಾರ ಮಾತ್ರ. ಆಮೇಲೆ ಹಬ್ಬಕ್ಕೆ ಮಾತ್ರ. ಕೊನೆಗೆ ಕೀಲಿ ಅವರ ಸೊಂಟಕ್ಕೆ ಹೋಯಿತು, ಕಾರಿನ ಮೇಲೆ ಹಾಸಿಗೆಯ ಹೊದಿಕೆಗಳು ಬಿದ್ದವು. "ನಿಂತಿರ್ಲಿ. ನಿಂತ್ರೆ ಸವಿಯಲ್ಲ. ನಂಗೆ ಬೇಕನ್ನಿಸಿದಾಗ ಗೇಟಿನ ತನಕ ಹೋಗಿ ಬರೋಣ. ನಾನು ಕಣ್ಣು ಮುಚ್ಚೋ ದಿನಕ್ಕೆ ಪೂರ್ತಿ ಓಡ್ಸು. ಅವತ್ತು ಅವ್ನು ಇಳ್ದು ನನ್ನನ್ನ ನೋಡ್ಲಿ. ಒಟ್ಟಿಗೆ ಹೋಗ್ತೀವಿ."

ಅತ್ತೆಗೆ ಅರವತ್ತೈದು. ಗಟ್ಟಿ ಜೀವ. ಎಷ್ಟು ವರ್ಷ ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

"ಅತ್ತೆ, ನಿಲ್ಸಿದ್ರೆ ಟೈರು ಹಾಳಾಗ್ತದೆ" ಎಂದೆ. "ಅಪ್ಪನ ಟೆಂಪೋ ಕೊಟ್ಟಿಗೆ ಹತ್ರ ನಿಂತಿತ್ತಲ್ಲ, ಎರಡು ವರ್ಷಕ್ಕೇ ಟೈರೆಲ್ಲ ಬಿರುಕು ಬಿಟ್ಟಿತ್ತು. ಗೆರೆ ಹೊಸದ್ರ ಹಂಗೇ ಇತ್ತು, ಮುಟ್ಟಿದ್ರೆ ಪುಡಿ."

"ನೀನು ಹೇಳ್ತೀಯ. ನಿಂಗೆ ಅವ್ನನ್ನ ಸವೆಸ್ಬೇಕು."

"ಆಯ್ತು, ನಂಗೆ ಬೇಕು. ಅದಕ್ಕೇ ಇದು ಸುಳ್ಳಾಗ್ತದಾ?"

ಸುಳ್ಳಾಯಿತು. ನನ್ನ ಬಾಯಿಂದ ಬಂದ ಮಾತಾದ್ದರಿಂದಲೇ ಅದು ಸುಳ್ಳಾಯಿತು. ಆದರೂ ಬಿರುಕು ಎಂಬ ಶಬ್ದ ಅವರ ತಲೆಯಲ್ಲಿ ಉಳಿದಿರಬೇಕು. ಮರುದಿನ ನೋಡುತ್ತೇನೆ, ಅತ್ತೆ ಮಣೆ ಹಾಕಿಕೊಂಡು ಚಕ್ರದ ಪಕ್ಕ ಕೂತಿದ್ದಾರೆ. ಬಟ್ಟಲಲ್ಲಿ ಕಾಯಿಸಿದ ಕೊಬ್ಬರಿ ಎಣ್ಣೆ. ಅಂಗೈಯಲ್ಲಿ ತುಂಬಿಕೊಂಡು ಟೈರಿಗೆ ತಿಕ್ಕುತ್ತಿದ್ದಾರೆ. ಪಕ್ಕಕ್ಕೆ, ಸಂದಿಗೆ, ಅಂಚಿಗೆ, ಹಸುಗೂಸಿಗೆ ಹಚ್ಚಿದ ಹಾಗೆ. ತಿಕ್ಕುತ್ತ ತಿಕ್ಕುತ್ತ ಏನೋ ಗುನುಗುತ್ತಿದ್ದರು. ರಬ್ಬರು ಮಿರಮಿರ ಮಿಂಚುತ್ತಿತ್ತು.

"ಎಣ್ಣೆ ಬೇಡ ಅತ್ತೆ. ರಬ್ಬರಿಗೆ ಎಣ್ಣೆ ಆಗಲ್ಲ."

"ಎಣ್ಣೆ ಕಂಡ್ರೆ ಒಡೆಯೋ ವಸ್ತು ಲೋಕದಲ್ಲಿದೆಯೇನೇ? ಹಿಮ್ಮಡಿ ಒಡೆದ್ರೆ ಏನು ಹಚ್ತೀಯ?"

ನಮ್ಮೂರಿನಲ್ಲಿ ಅರ್ಧ ಜನ ಹೀಗೇ ಮಾಡುತ್ತಾರೆ ಎಂದು ಆಮೇಲೆ ದಾವೂದ್ ಹೇಳಿದ. ಪ್ರೀತಿಯಿದ್ದ ಮನೆಯ ಟೈರೇ ಮೊದಲು ಒಡೆಯುವುದಂತೆ. ಅತ್ತೆ ಪ್ರತಿ ಶನಿವಾರ ಎಣ್ಣೆ ಹಚ್ಚಿದರು, ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ತೊಳೆದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಹೊದಿಕೆಯ ಕೆಳಗೆ ನಿಂತುಬಿಟ್ಟಿತ್ತು. ಅಕ್ಕ ಫೋನು ಮಾಡುವುದನ್ನು ಕಡಿಮೆ ಮಾಡಿದಳು.

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆಯ ಬೆಳಿಗ್ಗೆ ಅತ್ತೆ ಕಿರುಚಿದರು. ನಾನು ಓಡಿಹೋದೆ. ಅವರ ಅಂಗೈಯಲ್ಲಿ ಎಣ್ಣೆಯ ಜೊತೆ ಕಪ್ಪು ಚೂರುಗಳು ಅಂಟಿದ್ದವು. ಟೈರಿನ ಪಕ್ಕದ ಮೈ ಉಬ್ಬಿ, ಅದರ ತುಂಬ ಬಿರುಕು. ಬೆರಳಿನ ಉಗುರು ಒಳಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಅವರ ಉಗುರು ಮುರಿದ ಅದೇ ಟೈರು.

ದಾವೂದ್ ಬಂದು ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಚಕ್ರ ನೋಡಿ ಎದ್ದ. "ಹಿಂದಿನ ಎಡಗಡೇದು ಇವತ್ತೂ ಒಡೀಬೋದು, ನಾಳೇನೂ ಒಡೀಬೋದು. ಓಡ್ಸಬೇಡಿ ಅಮ್ಮಾರೆ. ಬಿಚ್ಚಿಬಿಡ್ತೀನಿ."

"ಗುರುತು ಮುಟ್ಟಿಲ್ಲ ಕಣಪ್ಪಾ" ಎಂದರು ಅತ್ತೆ. "ಇನ್ನೂ ಇದೆಯಲ್ಲ. ಗೋಧಿ ಕಾಳಷ್ಟು ಇದೆಯಲ್ಲ. ನಾನೇ ಉಳಿಸಿದೀನಿ."

ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಅತ್ತೆ ಜಗಲಿಯ ಮೇಲೆ ಎಣ್ಣೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹೇಳಿದ್ದೆನಲ್ಲ ಎಂದು ಚುಚ್ಚಬೇಕೆಂದು ನನಗನಿಸಿತು. ಆ ಕೈಗಳನ್ನು ನೋಡಿ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟೆ. ಅವರು ಕೈ ಒರೆಸಿಕೊಂಡು, ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕಡೆ ಚಾಚಿದರು.

"ಓಡ್ಸು. ಒಡೆಯೋದ್ರೊಳಗೆ ಸವೆಸು. ಎಲ್ಲಿ ಬೇಗ ಸವೀತದೋ ಅಲ್ಲಿಗೆ ಹೋಗು."

ಕಲ್ಲು ಕ್ವಾರಿಯ ರಸ್ತೆಗೆ ಹೋದೆವು. ಚೂಪು ಜಲ್ಲಿ, ಏರು, ಇಳಿಜಾರು. ನಾನು ಜೋರಾಗಿ ಓಡಿಸಿ ಗಕ್ಕನೆ ಬ್ರೇಕು ಹಾಕಿದೆ, ಮತ್ತೆ ಎಬ್ಬಿಸಿದೆ, ಮತ್ತೆ ಹಾಕಿದೆ. ರಬ್ಬರು ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಎಡಗಡೆಯಲ್ಲಿ ಚರ್ಮ ಕಿರುಗುಟ್ಟುತ್ತಿತ್ತು, ಬೂಟು ಮ್ಯಾಟಿನ ಮೇಲೆ ಸರ್ ಸರ್ ಎಂದು ಇಲ್ಲದ ಬ್ರೇಕು ತುಳಿಯುತ್ತಲೇ ಇತ್ತು. ನಿಧಾನ, ನಿಧಾನ ಎಂದು ವರ್ಷಗಟ್ಟಲೆ ಹಿಂದಿನಿಂದ ಹೇಳಿದ ಅತ್ತೆ ಈಗ ಹಿಡಿಕೆ ಹಿಡಿದುಕೊಂಡು, "ಜೋರಾಗಿ, ಇನ್ನೂ ಜೋರಾಗಿ" ಎನ್ನುತ್ತಿದ್ದರು. ಸೊಂಟದ ನೋವಿಗೆ ನರಳುತ್ತ ಎನ್ನುತ್ತಿದ್ದರು. ನನಗೆ ಸಾಯುವ ಭಯವೂ ಇತ್ತು, ಸುಳ್ಳು ಯಾಕೆ. ಆದರೆ ಮೊದಲ ಸಲ ನಮ್ಮಿಬ್ಬರಿಗೂ ಬೇಕಾದದ್ದು ಒಂದೇ ಆಗಿತ್ತು.

ನಾಲ್ಕಾರು ದಿನ ಹೀಗೇ ಹೋದೆವು. ಏರು ಹತ್ತಿದ ಮೇಲೆ ನಿಲ್ಲಿಸಿದರೆ ಅತ್ತೆ ಇಳಿದು, ಬಿಸಿ ಟೈರಿಗೆ ಬೆಂಕಿಕಡ್ಡಿ ತೂರಿಸಿ ನೋಡುತ್ತಿದ್ದರು. ಗೋಧಿ ಕಾಳು ಅರ್ಧವಾಯಿತು. ಆಮೇಲೆ ಎಳ್ಳಿನಷ್ಟಾಯಿತು. ಆ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದರು. "ಇವತ್ತು ನೋಡ್ತಾನೆ" ಎಂದರು. ನಾನೂ ಕೈ ಎತ್ತುವುದಕ್ಕೆ ಸಿದ್ಧಳಾಗಿದ್ದೆ. ಎಲ್ಲಿ ನನ್ನನ್ನು ಇಳಿಸಿ ಹೋಗಿದ್ದನೋ ಅಲ್ಲೇ, ಆ ತಿರುವಿನಲ್ಲೇ ಅವನು ಇಳಿದರೆ ಎಷ್ಟು ಚೆನ್ನ ಎಂದು ಆ ಕಡೆಗೇ ಹೊರಟೆ.

ತಿರುವು ಕಣ್ಣಿಗೆ ಕಾಣುತ್ತಿತ್ತು. ಆಗ ಹಿಂದಿನ ಎಡಚಕ್ರ ಒಡೆಯಿತು.

ಸದ್ದು ಕ್ವಾರಿಯಲ್ಲಿ ಬಂಡೆ ಸಿಡಿಸಿದಷ್ಟು ದೊಡ್ಡದು. ಗಾಡಿ ಒಂದು ಕಡೆಗೆ ವಾಲಿ, ಜಲ್ಲಿಯನ್ನು ಉತ್ತುಕೊಂಡು ಹೋಗಿ, ರಸ್ತೆಯ ಅಂಚಿನ ಮಣ್ಣುದಿಬ್ಬಕ್ಕೆ ಮೂಗು ಕೊಟ್ಟು ನಿಂತಿತು. ಗಾಡಿ ಇನ್ನೂ ಜಾರುತ್ತಿದ್ದಾಗಲೇ ಬೂಟಿನ ಸದ್ದು ನಿಂತುಹೋಗಿತ್ತು. ಎಡಗಡೆಯ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು.

"ಬಾಗ್ಲು ತೆಗೀಲಿಲ್ಲ" ಎಂದರು ಅತ್ತೆ. "ವಾರಿಜಾ, ಬಾಗ್ಲು ತೆಗೀಲಿಲ್ಲವಲ್ಲೇ."

ಅವರು ಅಳಲಿಲ್ಲ. ಕೆಳಗಿಳಿದು, ಗಾಡಿಯನ್ನು ಹಿಡಿದುಕೊಂಡು ಸುತ್ತಿ ಬಂದು, ಮುಂದಿನ ಬಾಗಿಲು ತೆಗೆದು ಅವನ ಸೀಟಿನಲ್ಲಿ ಕೂತರು. ಈಗ ಅಲ್ಲಿ ಕೂರಬಾರದು ಎನ್ನುವವರು ಯಾರೂ ಇರಲಿಲ್ಲ. ಅಂಗೈಯಿಂದ ಚರ್ಮವನ್ನು ಸವರಿದರು, ಒರಗುವ ಜಾಗಕ್ಕೆ ಕೆನ್ನೆ ಇಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ನೀನು ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ. ನಿಂಗೆ ಮುಖ ಕಾಣ್ತಿತ್ತು. ಹೇಗಿದ್ದ?"

ಊರಿನಲ್ಲಿ ಆ ಮುಖ ನೋಡಬಹುದಾಗಿದ್ದ ಒಬ್ಬಳೇ ಒಬ್ಬಳು ನಾನು. ನಾನು ಒಂದು ದಿನವೂ ನೋಡಿರಲಿಲ್ಲ. ಅತ್ತೆ ಕಾಯುತ್ತಿದ್ದರು. ನಾನು ಎಡಕ್ಕೆ ತಿರುಗಿದೆ. ಆ ಸೀಟಿನ ಕಡೆ ಪೂರ್ತಿ ಮುಖ ತಿರುಗಿಸಿದ್ದು ಅದೇ ಮೊದಲು. ಅಲ್ಲಿ ಅತ್ತೆಯ ಮುಖವಿತ್ತು. ಧೂಳು ಹಿಡಿದ, ಬಾಚಿದ ತಲೆ ಕೆದರಿದ, ಮುದಿ ಮುಖ. ಕಣ್ಣು ಬಿಟ್ಟು ನೋಡಿ ಅಲ್ಲಿ ಕಂಡದ್ದನ್ನೇ ಹೇಳತೊಡಗಿದೆ.

"ಮೂಗು ನಿಮ್ಮದೇ ಅತ್ತೆ. ಹುಬ್ಬು ಹಿಂಗೇ ಸ್ವಲ್ಪ ಮೇಲಕ್ಕೆ. ಸುಸ್ತಾಗಿದ್ರು. ಆದ್ರೆ ಸಿಟ್ಟಿರಲಿಲ್ಲ."

"ಗಡ್ಡ?"

"ಇರ್ಲಿಲ್ಲ. ನುಣ್ಣಗೆ ತೆಗ್ದಿದ್ರು. ಆಗ ತಾನೇ ಮಾಡ್ಕೊಂಡು ಬಂದ ಹಂಗೆ."

ಅತ್ತೆ ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ನನಗೆ ಈವತ್ತಿಗೂ ತಿಳಿಯದು. "ಹಂಗಾದ್ರೆ ಸರಿ" ಎಂದು ಬಾಗಿಲು ತೆಗೆದು, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಒಂದೊಂದೇ ಕಾಲು ಕೆಳಗಿಟ್ಟು ಇಳಿದರು. ಊರಿನ ಕಡೆಗೆ ನಾಲ್ಕು ಹೆಜ್ಜೆ ನಡೆದು ನಿಂತರು. ನಿಂತು, ತಿರುಗಿ, ಒಂದು ಸಲ ನನ್ನನ್ನು ನೋಡಿದರು.

ಗಾಡಿ ಎಲ್ಲಿಗೂ ಹೋಗುವ ಸ್ಥಿತಿಯಲ್ಲಿರಲಿಲ್ಲ. ಆದರೂ ನಾನು ಸ್ಟೇರಿಂಗಿನಿಂದ ಕೈ ಎತ್ತಿದೆ.